ಬೆಂಜಣ್ಣನಿಗೆಂದು ಬಾರಿಸಿದ್ದು

ನನ್ನ ಅತ್ತಿಗೆ ಸಲೋಮಿ ಮದುವೆಯಾಗಿ ನಮ್ಮ ಮನೆಗೆ ಬಂದ ದಿನ ಅವಳ ಹಿಂದೆಯೇ ಹಮಾಲರು ಒಂದು ಪಿಯಾನೋ ಹೊತ್ತು ತಂದರು. ಮದುಮಗಳು ಹೊಸ್ತಿಲು ದಾಟುವ ಮೊದಲೇ ಬೀದಿಯವರೆಲ್ಲ ತಂತಮ್ಮ ಬಾಗಿಲಿಗೆ ಬಂದು ನಿಂತು ಕೇಳಿದ್ದು ಒಂದೇ ಮಾತು: "ಖಾಲಿಯೋ, ತುಂಬಿದ್ದೋ?" ಹಮಾಲರ ಮುಖಂಡ ಪೀರಣ್ಣ ಬೆವರು ಒರೆಸಿಕೊಳ್ಳುತ್ತಾ, "ಖಾಲಿ ಕಣ್ರಪ್ಪಾ, ಹೆದರಬೇಡಿ, ಉಂಡು ನೆಮ್ಮದಿಯಾಗಿ ಮಲಗಿ" ಅಂದ. ಎಲ್ಲರೂ ನಿರಾಳವಾಗಿ ಒಳಗೆ ಹೋದರು. ಮದುಮಗಳನ್ನು ನೋಡಲು ಆಮೇಲೆ ಬಂದರು.

ನಮ್ಮ ಊರಿನಲ್ಲಿ ಪಿಯಾನೋ ಬಾರಿಸಿದ ಕೂಡಲೇ ಕೇಳುವುದಿಲ್ಲ. ಬಾರಿಸಿದ್ದೆಲ್ಲ ಪೆಟ್ಟಿಗೆಯೊಳಗೇ ಇದ್ದು, ಹೊತ್ತಾದ ಮೇಲೆ ತಾನಾಗಿ ಹೊರಗೆ ಬರುತ್ತದೆ. ಎಷ್ಟು ಹೊತ್ತಿಗೆ ಅನ್ನುವುದು ಬಾರಿಸಿದವರ ಮೇಲೆ ಹೋಗುತ್ತದೆ. ಮಕ್ಕಳು ಬಾರಿಸಿದರೆ ಆಗಲೇ ಕೇಳುತ್ತದೆ. ವಯಸ್ಸು ಏರಿದ ಹಾಗೆ ತಡವೂ ಏರುತ್ತದೆ. ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ಹಾಲು ಮೊಸರಾಗಲು ಒಂದು ರಾತ್ರಿ ಯಾಕೆ ಬೇಕು ಎಂದು ಯಾರಾದರೂ ಕೇಳುತ್ತಾರೆಯೆ? ಕಚೇರಿ ಇರುವ ದಿನ ಕಲಾವಿದರು ಬೆಳಿಗ್ಗೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಬಾರಿಸುತ್ತಿದ್ದರು. ಮಧ್ಯಾಹ್ನ ಹಮಾಲರು ಆ ತುಂಬಿದ ಪಿಯಾನೋವನ್ನು ಗಾಡಿಯ ಮೇಲೆ ಸಭಾಭವನಕ್ಕೆ ಸಾಗಿಸುತ್ತಿದ್ದರು. ಸಂಜೆ ಜನ ಕೂತಿರುವಾಗ ಪಿಯಾನೋ ತಾನೇ ನುಡಿಯುತ್ತಿತ್ತು. ಬಾರಿಸಿದವರು ಮೊದಲ ಸಾಲಿನಲ್ಲಿ ಒಳ್ಳೆಯ ಸೀರೆ ಉಟ್ಟು ಕೂತು, ತಮ್ಮದನ್ನು ತಾವೇ ಮೊದಲ ಸಲ ಕೇಳುತ್ತಿದ್ದರು.

ಸಲೋಮಿಗೆ ಕಲಿಸಿದವರು ಎಸ್ತರಮ್ಮ ಟೀಚರ್. ಅವರ ಮನೆಯ ಜಗಲಿಯಲ್ಲಿ ಊರಿನ ಅರ್ಧ ಮಕ್ಕಳು ಕಲಿಯುತ್ತಿದ್ದರು, ನಾನೂ ಕಲಿತೆ. ಆದರೆ ಹದಿಹರೆಯ ಬಂದು ಒಂದು ದಿನ ಬೆರಳಿಟ್ಟರೆ ಪಿಯಾನೋ ಮೂಕವಾಗಿ ಕೂರುತ್ತದಲ್ಲ, ಆಗ ಮಕ್ಕಳೆಲ್ಲ ಬಿಟ್ಟುಬಿಡುತ್ತಾರೆ. ನಾನಂತೂ ಅದೇ ವಾರ ಹೊಲಿಗೆ ಕಲಿಯಲು ಸೇರಿಕೊಂಡೆ. ಸಲೋಮಿ ಒಂದು ಮಧ್ಯಾಹ್ನವಿಡೀ ಅತ್ತಳಂತೆ. ಟೀಚರು ಅವಳನ್ನು ಸಮಾಧಾನ ಮಾಡಲಿಲ್ಲ. "ಕೇಳೋದು ಊರವರ ಪಾಲು ಮಗಳೇ, ನಿನ್ನ ಪಾಲು ಬೆರಳಲ್ಲಿದೆ. ಬೇಕಾದ್ರೆ ತಗೋ, ಬೇಡದಿದ್ರೆ ಬಿಡು" ಅಂದರಂತೆ. ಅವಳು ಮೂಗು ಒರೆಸಿಕೊಂಡು ಮತ್ತೆ ಕೂತಳು. ನಮ್ಮ ಕಾಲದಲ್ಲಿ ಹಾಗೆ ಮತ್ತೆ ಕೂತವಳು ಅವಳೊಬ್ಬಳೇ.

ನನ್ನ ಅಣ್ಣ, ನಮ್ಮ ಬೆಂಜಣ್ಣ, ಅವಳನ್ನು ಇಷ್ಟಪಟ್ಟದ್ದು ಅವಳ ಸಂಗೀತ ಕೇಳಿ ಅಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವನಿಗೆ ನದಿಯ ಆಚೆ ದಡದಲ್ಲಿ ಬೇಕರಿ ಇತ್ತು. ನಮ್ಮೂರಿನವರು ಬ್ರೆಡ್ಡು ಕೊಳ್ಳುವುದು ಸಂಜೆ, ಅದೂ ಕೈ ಸುಡುವಷ್ಟು ಬಿಸಿ ಇರಬೇಕು. ಹಾಗಾಗಿ ಊರೆಲ್ಲ ಸಭಾಭವನಕ್ಕೆ ಹೊರಡುವ ಹೊತ್ತಿಗೆ ಅವನು ಒಲೆಯ ಮುಂದೆ ಇರುತ್ತಿದ್ದ. ಟೀಚರ ಮನೆಗೆ ಬನ್ನು ಕೊಡಲು ಹೋದಾಗ ಸಲೋಮಿ ಅವನ ಬುಟ್ಟಿಯಿಂದ ಕೇಳದೆಯೇ ಒಂದನ್ನು ಎತ್ತಿಕೊಂಡು ತಿನ್ನುತ್ತಾ ಪಾಠಕ್ಕೆ ಕೂತಳಂತೆ. ಅಷ್ಟಕ್ಕೇ ಇವನು ಕವುಚಿ ಬಿದ್ದ.

ಅವಳು ನನ್ನ ವಯಸ್ಸಿನವಳೇ. ಒಂದು ವಾರ ನಾನು "ಬನ್ನಿ, ಹೋಗಿ" ಎಂದೆ, ಆಮೇಲೆ ಇಬ್ಬರಿಗೂ ನಗು ತಡೆಯದೆ ಅದು ಬಿಟ್ಟುಹೋಯಿತು. ಅತ್ತಿಗೆ ಅನ್ನುವ ಹೆಸರು ಮಾತ್ರ ಉಳಿಯಿತು. ನನಗೆ ಮದುವೆ ಕೂಡಿಬರಲಿಲ್ಲ, ಅವಳಿಗೆ ಮಕ್ಕಳಾಗಲಿಲ್ಲ. ನಡುಮನೆಯ ಒಂದು ಗೋಡೆಗೆ ಪಿಯಾನೋ, ಇನ್ನೊಂದು ಗೋಡೆಗೆ ನನ್ನ ಹೊಲಿಗೆ ಮಿಷನ್ನು. ಜಗಳವಾಡಿದ್ದೂ ಉಂಟು. ಆದರೆ ಒಬ್ಬರನ್ನೊಬ್ಬರು ಬಿಟ್ಟು ಊಟ ಮಾಡಿದ್ದಿಲ್ಲ.

ಅಭ್ಯಾಸವನ್ನು ಪಿಯಾನೋದ ಮೇಲೆ ಮಾಡುವ ಹಾಗಿರಲಿಲ್ಲ. ಬೆಳಗಿನ ಅಭ್ಯಾಸ ಸಂಜೆಯ ಕಚೇರಿಯ ನಡುವೆ ನುಗ್ಗಿ ಬಂದರೆ ಏನು ಗತಿ? ಅದಕ್ಕೆಂದೇ ಬಡಗಿಯಿಂದ ಮಾಡಿಸಿದ ಹಲಗೆ ಇರುತ್ತಿತ್ತು. ಅದರಲ್ಲಿ ಬೆರಳಿಟ್ಟು ಒತ್ತುವ ಮನೆಗಳೆಲ್ಲ ಪಿಯಾನೋದ ಹಾಗೇ, ತಂತಿ ಮಾತ್ರ ಇಲ್ಲ. ಹೀಗಾಗಿ ಊರಿಗೆ ಸಂಗೀತ, ಮನೆಯವರಿಗೆ ಟಕಟಕ. ಬೆಂಜಣ್ಣ ಬೆಳಗಿನ ಹೊತ್ತು ಮನೆಯಲ್ಲಿರುತ್ತಿದ್ದನಲ್ಲ, ಆ ಟಕಟಕವನ್ನೇ ಕೇಳಿ ಕೇಳಿ ಒಂದೊಂದಕ್ಕೂ ತನ್ನ ಅಂಗಡಿಯ ತಿಂಡಿಯ ಹೆಸರು ಇಟ್ಟಿದ್ದ. ಜೋರಾಗಿ ಒಣಒಣವಾಗಿ ಓಡುವುದು ರಸ್ಕು. ತೂಕದ್ದು, ಮುಗಿಯದ್ದು ಪ್ಲಮ್ ಕೇಕು. ನಿಧಾನವಾಗಿ ಉಬ್ಬುತ್ತಾ ಹೋಗುವುದು ಬನ್ನು. "ಏನು, ಇವತ್ತು ರಸ್ಕಿಗೆ ಕೈ ಹಾಕಿದೀಯ?" ಎಂದು ಕೇಳಿದರೆ ಅವಳು, "ಅದನ್ನ ಬರೆದವರು ಕೇಳಿದ್ರೆ ಗೋರಿಯಿಂದ ಎದ್ದು ಬರ್ತಾರೆ ಕಣ್ರೀ" ಎಂದು ಬೈಯುತ್ತಿದ್ದಳು. ಬೈದರೂ ಆಮೇಲೆ ನಾವಿಬ್ಬರೇ ಮಾತಾಡುವಾಗ ಅವಳೂ ರಸ್ಕು, ಬನ್ನು ಅನ್ನುತ್ತಿದ್ದಳು.

ಅವಳ ಹೆಸರು ಬೇಗ ಬೆಳೆಯಿತು. ಸುತ್ತಲಿನ ಊರಿನವರು ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಕೇಳದೆ ಬಾರಿಸುವುದು ಎಂದರೆ ಕತ್ತಲೆಯಲ್ಲಿ ಕೂತು ಕಸೂತಿ ಹಾಕಿದ ಹಾಗೆ. ಎಂಥವರ ಕೈಯೂ ಎಲ್ಲೋ ಒಂದು ಕಡೆ ಸೋಲುತ್ತದೆ. ಇವಳ ಕೈ ಸೋಲುತ್ತಿರಲಿಲ್ಲ. ಪಿಯಾನೋ ಜೊತೆಗೆ ಗಾಡಿಯಲ್ಲಿ ಕೂತು ಹೋಗುವುದು ನನ್ನ ಕೆಲಸ. ಅವಳ ತಡ ಆಗ ಬೆಳಿಗ್ಗೆಯಿಂದ ಸಂಜೆಗೆ ಸರಿಯಾಗಿ ಇರುತ್ತಿತ್ತು, ಆದರೆ ಗಾಡಿಯ ಎತ್ತುಗಳಿಗೆ ಅದು ಗೊತ್ತಿರಬೇಕಲ್ಲ. ಒಂದು ಸಲ ಎಮ್ಮೆ ಹಿಂಡು ಅಡ್ಡ ಬಂದು ಕಚೇರಿಯ ಮೊದಲ ಭಾಗ ಮೀನು ಮಾರ್ಕೆಟ್ಟಿನಲ್ಲೇ ಆಗಿಹೋಯಿತು. ಮೀನಿನವರು ಚೌಕಾಸಿ ನಿಲ್ಲಿಸಿ ಕೇಳಿದರು. ಮಾರನೆಯ ದಿನದಿಂದ ನನಗೆ ಅಲ್ಲಿ ಬಂಗುಡೆಯಲ್ಲಿ ಕೊಸರು ಸಿಗತೊಡಗಿತು.

ಮದುವೆಯಾಗಿ ಕೆಲವು ವರ್ಷದ ಮೇಲೆ ಬೆಂಜಣ್ಣ ಒಂದು ಸಂಜೆ ಬೇಕರಿಯ ಬಾಗಿಲು ಹಾಕಿ, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಕಚೇರಿಗೆ ಹೋದ. ಅಂದೇ ಸೇತುವೆಯ ಹತ್ತಿರ ಗಾಡಿಯ ಚಕ್ರ ಕಳಚಬೇಕೆ? ಪಿಯಾನೋ ಅಲ್ಲಿಯೇ ಶುರುವಾಯಿತು. ಪೀರಣ್ಣನ ಕಡೆಯವರು ಹೊಸ ಚಕ್ರ ತರುವಷ್ಟರಲ್ಲಿ ರಸ್ಕೂ ಮುಗಿಯಿತು, ಪ್ಲಮ್ ಕೇಕೂ ಮುಗಿಯಿತು. ಬಟ್ಟೆ ಒಗೆಯುವವರು ಮೊಣಕಾಲು ನೀರಿನಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ನಾವು ಸಭಾಭವನ ಮುಟ್ಟಿದಾಗ ಜನ ಎದ್ದು ಹೋಗಿದ್ದರು. ಇವನೊಬ್ಬ ಮೊದಲ ಸಾಲಿನಲ್ಲಿ ಟೋಪಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. "ಶುರು ಆಯ್ತಾ?" ಎಂದು ಕೇಳಿದ. ಅಂದು ನನ್ನ ಜೊತೆ ಗಾಡಿಯಲ್ಲೇ ಬಂದಿದ್ದ ಅತ್ತಿಗೆ ಅವನ ಪಕ್ಕ ಕೂತು ನಕ್ಕಳು, ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಮುಂದಿನ ಸಲ" ಅಂದಳು. ಮುಂದಿನ ಸಲ ಒಲೆ ಕೈಕೊಟ್ಟಿತು, ಅದರ ಮುಂದಿನ ಸಲ ಹಬ್ಬದ ಆರ್ಡರು. ಮನೆಯವರಿಗಾಗಿ ಮಾಡುವ ಕೆಲಸ ಯಾವಾಗಲೂ ನಾಳೆ ಮಾಡಿದರಾಯಿತು ಅನ್ನುವ ಕೆಲಸವಲ್ಲವೆ? ಹಾಗೇ ವರ್ಷಗಳು ಹೋದವು.

ನಡುವೆ ಒಮ್ಮೆ ದೂರದ ದೊಡ್ಡ ಪಟ್ಟಣದಿಂದ ಅವಳಿಗೆ ಕರೆ ಬಂತು. ಆ ಕಡೆಯ ಪಿಯಾನೋಗಳು ಮುಟ್ಟಿದ ತಕ್ಷಣ ಕೂಗುತ್ತವೆ. ಸಲೋಮಿ ವೇದಿಕೆಯ ಮೇಲೆ ಕೂತು ಮೊದಲ ಬೆರಳು ಇಟ್ಟಳು, ಬೆಚ್ಚಿಬಿದ್ದಳು. ಎರಡನೆಯದಕ್ಕೆ ಕೈ ಹಿಂದಕ್ಕೆ ಎಳೆದುಕೊಂಡಳು. ಸುಧಾರಿಸಿಕೊಂಡು ಮತ್ತೆ ಹೊರಟರೂ ಪ್ರಯೋಜನವಾಗಲಿಲ್ಲ. ರೈಲಿನಲ್ಲಿ ವಾಪಸ್ಸು ಬರುವಾಗ ಜೊತೆಗಿದ್ದ ನನಗೆ, "ನಾನು ಮಾತಾಡ್ತಿದ್ದ ಹಾಗೇ ಯಾರೋ ಎದುರಿಗೆ ನಿಂತು ಅದನ್ನೇ ಕಿರುಚಿದ ಹಾಗಾಯ್ತು ದಯಾ. ಅಲ್ಲೆಲ್ಲ ನನ್ನಿಂದಾಗಲ್ಲ" ಅಂದಳು. ಅದೇ ಕೊನೆ, ಊರು ಬಿಟ್ಟು ಎಲ್ಲೂ ಬಾರಿಸಲಿಲ್ಲ.

ಎಸ್ತರಮ್ಮ ಟೀಚರು ತೀರಿಕೊಂಡಾಗ ಅವರ ಪಿಯಾನೋ ತುಂಬಿದ್ದು ಎಂದು ಯಾರಿಗೂ ಗೊತ್ತಿರಲಿಲ್ಲ. ಮಣ್ಣು ಮಾಡಿ ಎಷ್ಟೋ ಕಾಲವಾದ ಮೇಲೆ, ಅವರ ಮನೆಗೆ ಸುಣ್ಣ ಹೊಡೆಯುತ್ತಿದ್ದವರು ಬೆದರಿ ಓಡಿಬಂದು, ಅದು ನುಡಿಯುತ್ತಿದೆ ಎಂದು ನಮಗೆ ಹೇಳಿದರು. ಸಲೋಮಿ ಹೋಗಿ ಆ ಖಾಲಿ ಮನೆಯಲ್ಲಿ ಒಬ್ಬಳೇ ಕೂತು ಕೊನೆಯವರೆಗೂ ಕೇಳಿದಳು. ಯಾರಿಗೆಂದು ಬಾರಿಸಿದ್ದರೋ ಏನೋ. ಮನೆಗೆ ಬಂದವಳು ನನ್ನ ಹತ್ತಿರ, "ತಡ ಅಂದ್ರೆ ಏನು ಅಂತ ಇವತ್ತು ಗೊತ್ತಾಯ್ತು" ಅಂದಳು. ನನಗೆ ಆಗ ಅದು ಅಷ್ಟಾಗಿ ನಾಟಲಿಲ್ಲ.

ಅವಳ ತಡವೂ ಬೆಳೆಯುತ್ತಿತ್ತು. ಮೊದಲು ಹಿಂದಿನ ಸಂಜೆಯೇ ಬಾರಿಸಿ ಇಡಬೇಕಾಯಿತು, ಆಮೇಲೆ ಅದರ ಹಿಂದಿನ ದಿನ. ಆದರೆ ವಯಸ್ಸಿನ ತಡಕ್ಕೆ ಲೆಕ್ಕಾಚಾರ ಹಿಡಿಯುವುದಿಲ್ಲ. ಅವಳ ಕೊನೆಯ ಕಚೇರಿಯಲ್ಲಿ ಜನ ಆಕಳಿಸಿದರು, ಕೆಮ್ಮಿದರು, ಊಟದ ಹೊತ್ತಾಯಿತೆಂದು ಎದ್ದು ಹೋದರು. ಪಿಯಾನೋ ಬಾಯಿ ಬಿಟ್ಟಿದ್ದು ಮಾರನೆಯ ಬೆಳಿಗ್ಗೆ. ಅಷ್ಟರಲ್ಲಿ ಅದೇ ಸಭಾಭವನದಲ್ಲಿ ಒಂದು ಮದುವೆ ನಡೆಯುತ್ತಿತ್ತು. ಇವಳು ಬಾರಿಸಿದ್ದು ಸಾವಿನ ಮೆರವಣಿಗೆಯ ಸಂಗೀತ! ಮದುಮಗನ ಅಜ್ಜಿ ಎದೆ ಬಡಿದುಕೊಂಡು ಅತ್ತರಂತೆ. ಊರು ಅದನ್ನು ನೆನೆದು ವರ್ಷಗಟ್ಟಲೆ ನಕ್ಕಿತು, ಅತ್ತಿಗೆಯೂ ನಕ್ಕಳು. ಆದರೆ ಅಂದಿನಿಂದ ಪಿಯಾನೋದ ಮೇಲೆ ಕಸೂತಿಯ ಬಟ್ಟೆ ಹೊದಿಸಿ, ಅದರ ಮೇಲೆ ಹೂದಾನಿ ಇಟ್ಟಳು. "ಆಯ್ತಮ್ಮ, ನನ್ನದು ಮುಗೀತು" ಅಂದಳು. ಹಲಗೆಯ ಟಕಟಕ ಮಾತ್ರ ನಿಲ್ಲಲಿಲ್ಲ, ಕೈಗೆ ರೂಢಿಯಾಗಿತ್ತು.

ಬೆಂಜಣ್ಣನ ಕಿವಿ ಹೋಗುತ್ತಿದೆ ಎಂದು ನಮಗೆ ತಿಳಿಯಲು ತಡವಾದದ್ದಕ್ಕೆ ಅವನ ಒಳ್ಳೆಯತನವೇ ಕಾರಣ. ಅವನು ಮೊದಲಿನಿಂದಲೂ ಎಲ್ಲದಕ್ಕೂ ತಲೆಯಾಡಿಸುವವನು. ಏನು ಕೊಟ್ಟರೂ ಚೆನ್ನಾಗಿದೆ, ಏನು ಹೇಳಿದರೂ ಸರಿ. ಉಪ್ಪು ಮರೆತ ಸಾರನ್ನೂ ಚೆನ್ನಾಗಿದೆ ಎಂದು ಉಂಡವನು. ರಸ್ಕು ಕೇಳಿದವರಿಗೆ ಬನ್ನು ಕಟ್ಟಿ ಕೊಟ್ಟ, ಅವರು ಪಾಪ ಹೋಗಲಿ ಎಂದು ತೆಗೆದುಕೊಂಡು ಹೋದರು. ಕೊನೆಗೆ ಒಂದು ದಿನ ಬೀದಿಯಲ್ಲಿ ಒಬ್ಬರು, "ನಮ್ಮ ಅತ್ತೆ ಹೋಗಿಬಿಟ್ರು ಬೆಂಜಣ್ಣ" ಅಂದಾಗ ಇವನು ಮುಖವಿಷ್ಟಗಲ ಮಾಡಿಕೊಂಡು, "ಸಂತೋಷ, ಬಹಳ ಸಂತೋಷ" ಅಂದ. ಸಲೋಮಿ ಪಕ್ಕದಲ್ಲೇ ಇದ್ದಳು. ಅವಳು ಅಂದು ನಗಲಿಲ್ಲ.

ಕಿವಿಯ ಡಾಕ್ಟರು ನೋಡಿ, ಇದಕ್ಕೆ ಮದ್ದಿಲ್ಲ, ಇನ್ನೊಂದು ವರ್ಷ ಇದ್ದರೆ ಹೆಚ್ಚು, ಆಮೇಲೆ ಪೂರ್ತಿ ಹೋಗುತ್ತದೆ ಅಂದರು. ಬೆಂಜಣ್ಣನಿಗೆ ಅದೂ ಸರಿಯಾಗಿ ಕೇಳಿಸಲಿಲ್ಲ. "ಒಳ್ಳೇದಾಯ್ತು ಡಾಕ್ಟ್ರೇ" ಎಂದು ಕೈ ಮುಗಿದ. ಮನೆಗೆ ಬಂದು ಸಲೋಮಿ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಳು. "ದಯಾ, ಊರಲ್ಲಿ ನಾಯಿ ನರಿ ಕೂಡ ನನ್ನ ಸಂಗೀತ ಕೇಳಿವೆ. ಇವರೊಬ್ಬರು ಕೇಳಿಲ್ಲ" ಅಂದಳು. ಆಮೇಲೆ ಅವಳಿಗೆ ಅಳು ಉಕ್ಕಿ ಬಂತು. ನನಗೂ ಬಂತು. ಅತ್ತು ಮುಗಿಸಿ ಅವಳು ಎದ್ದು ಹೋಗಿ ಹೂದಾನಿಯನ್ನು ಕೆಳಗಿಟ್ಟಳು.

ಮಾರನೆಯ ದಿನ ಬೆಳಗಿನ ತಿಂಡಿ ಆದ ಮೇಲೆ ಬಾರಿಸಲು ಕೂತಳು. ಮೊದಲು ಬಾಗಿಲು ಹಾಕಿಕೊಳ್ಳುವ ರೂಢಿಯಿತ್ತಲ್ಲ, ಅಂದು ಹಾಕಲಿಲ್ಲ. ಬೆಂಜಣ್ಣನನ್ನು ಎದುರಿಗೆ ಕೂರಿಸಿಕೊಂಡಳು. ಕಚೇರಿಯ ಸೀರೆಯನ್ನೇ ಉಟ್ಟಿದ್ದಳು. ಮೊದಲು ರಸ್ಕು, ಆಮೇಲೆ ಪ್ಲಮ್ ಕೇಕು, ಹೀಗೆ ಅವನು ಹೆಸರಿಟ್ಟದ್ದನ್ನೆಲ್ಲ ಒಂದಾದ ಮೇಲೊಂದು ಬಾರಿಸಿದಳು. ಕೊನೆಗೆ ಬನ್ನು. ಮನೆಯಲ್ಲಿ ಏನೂ ಕೇಳುತ್ತಿರಲಿಲ್ಲ. ಅವಳ ಬಳೆ, ನನ್ನ ಕತ್ತರಿ, ಅಷ್ಟೇ. ಬೆಂಜಣ್ಣ ಅವಳನ್ನೇ ನೋಡುತ್ತಾ ಕೂತಿದ್ದ. ಮುಗಿದ ಮೇಲೆ, "ಚೆನ್ನಾಗಿತ್ತು" ಅಂದ. ಅವಳು ಅವನ ಕಿವಿಯ ಹತ್ತಿರ ಬಗ್ಗಿ, "ಇನ್ನೂ ಬಂದೇ ಇಲ್ಲ ಕಣ್ರೀ! ಬಂದಾಗ ಹೇಳಿ!" ಎಂದು ಕೂಗಿದಳು. "ಸರಿ ಸರಿ" ಎಂದು ತಲೆಯಾಡಿಸಿದ.

ಆಮೇಲೆ ಶುರುವಾಯಿತು ನಮ್ಮ ಕಾಯುವಿಕೆ. ಮೊದಲ ದಿನಗಳಲ್ಲಿ ಬೆಂಜಣ್ಣ ಬೇಕರಿಯನ್ನು ಪಾಲುದಾರ ಕರುಣಾಕರನಿಗೆ ಬಿಟ್ಟು ಪಿಯಾನೋ ಪಕ್ಕದಲ್ಲೇ ಕೂತ. ಊಟ ಅಲ್ಲಿ, ಮಲಗುವುದು ಅಲ್ಲಿ. ವಾರವಾಯಿತು, ಹದಿನೈದು ದಿನವಾಯಿತು, ತಿಂಗಳು ದಾಟಿತು. ಒಲೆ ಇಲ್ಲದೆ ಅವನಿಗೆ ಕೈಕಾಲು ಆಡದು. ಮನೆಯ ಹಿಟ್ಟನ್ನೆಲ್ಲ ನಾದಿ ಇಟ್ಟ. ನಾವು ಮೂರು ಹೊತ್ತೂ ಚಪಾತಿ ತಿಂದೆವು. ಪಿಯಾನೋವನ್ನೇ ಬೇಕರಿಗೆ ಒಯ್ದು ಇಡೋಣವೆಂದರೆ ಅದರ ಬಾಗಿಲು ಚಿಕ್ಕದು, ಒಳಗಿನ ಝಳಕ್ಕೆ ತಂತಿಯೆಲ್ಲ ಸಡಿಲವಾಗುತ್ತದೆ. ಕೊನೆಗೆ ಸಲೋಮಿಯೇ, "ಹೋಗ್ರೀ, ಒಲೆ ಮುಂದೆ ಕೂತ್ಕೊಳ್ಳಿ. ಇಲ್ಲಿ ಕೂತು ನನ್ನ ತಲೆ ತಿನ್ನಬೇಡಿ. ಬಂದ್ರೆ ಹೇಳಿ ಕಳಿಸ್ತೀನಿ" ಎಂದು ಅಟ್ಟಿದಳು.

ಅವಳು ಮಾತ್ರ ಮನೆ ಬಿಟ್ಟು ಕದಲಲಿಲ್ಲ. ನಮ್ಮ ಬೀದಿಯ ಪೀರಣ್ಣ ಈಗ ಮುದುಕನಾಗಿದ್ದ, ಆದರೂ ದಿನಾ ಬೆಳಿಗ್ಗೆ ಬಂದು ಕಿಟಕಿಯಿಂದ ಇಣುಕಿ, "ಏನಕ್ಕಾ, ತುಂಬಿದ್ದೇನಾ ಇನ್ನೂ?" ಎಂದು ಕೇಳಿಕೊಂಡು ಹೋಗುತ್ತಿದ್ದ. ಅಷ್ಟರಲ್ಲಿ ಬೆಂಜಣ್ಣನ ಬಲಗಿವಿ ಪೂರ್ತಿ ಹೋಯಿತು. ಎಡಗಿವಿಯಲ್ಲಿ ಕೂಗಿದರೆ ಒಂದಿಷ್ಟು. ಅವನು ರಾತ್ರಿ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಪಿಯಾನೋ ಕಡೆ ನೋಡಿ, ಹುಬ್ಬು ಎತ್ತುತ್ತಿದ್ದ. ಇವಳು ತಲೆ ಅಲ್ಲಾಡಿಸುತ್ತಿದ್ದಳು. "ಇರ್ಲಿ ಬಿಡೆ, ಏನವಸರ?" ಅನ್ನುತ್ತಿದ್ದ. ಅವನು ಹಾಗೆ ಅಂದಾಗ ಅವಳು ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡುತ್ತಾ ತೊಳೆಯುತ್ತಿದ್ದಳು. ಒಂದು ದಿನ ನನಗೆ, "ನನ್ನದು ಬರೋಷ್ಟರಲ್ಲಿ ಇವರದ್ದು ಹೋಗಿರುತ್ತೆ ದಯಾ. ಟೀಚರ ಮನೆ ಥರ ನಾನೊಬ್ಬಳೇ ಕೂತು ಕೇಳ್ಬೇಕಾಗುತ್ತೆ" ಅಂದಳು. ನನಗೂ ಹಾಗೇ ಅನ್ನಿಸುತ್ತಿತ್ತು.

ಅದು ಬಂದದ್ದು ಒಂದು ದಿನ, ಸಂಜೆಗೆ ಸ್ವಲ್ಪ ಮುಂಚೆ. ನಾನು ಯಾರದೋ ರವಿಕೆಗೆ ಗುಂಡಿ ಹಚ್ಚುತ್ತಿದ್ದೆ, ಅವಳು ಅಕ್ಕಿ ಆರಿಸುತ್ತಿದ್ದಳು. ರಸ್ಕು ಶುರುವಾಯಿತು! ಮೊರ ಅವಳ ಕೈಯಿಂದ ಜಾರಿ ಅಕ್ಕಿಯೆಲ್ಲ ನೆಲದ ಪಾಲಾಯಿತು. ಅವನನ್ನು ಕರೆದು ತರುವುದೆಂದರೆ ಹೋಗಿ ಬರುವ ಎರಡು ದಾರಿ. ಅವನ ಕಾಲು ಬೇರೆ ಈಗ ನಿಧಾನ. ಅಷ್ಟರಲ್ಲಿ ಬಾರಿಸಿದ್ದೆಲ್ಲ ಮುಗಿದೇ ಹೋಗುತ್ತದೆ. ಸಲೋಮಿ ಕಿಟಕಿಗೆ ಓಡಿ, ಜೀವಮಾನದಲ್ಲಿ ಮೊದಲ ಬಾರಿಗೆ ಗಂಟಲು ಹರಿಯುವ ಹಾಗೆ ಕೂಗಿದಳು. "ಪೀರಣ್ಣಾ! ಬಂತು!"

ಪೀರಣ್ಣ ಯಾಕೆ ಏನು ಎಂದು ಕೇಳಲಿಲ್ಲ. ಅಂಗಿಯ ಒಂದು ತೋಳು ಮಾತ್ರ ಹಾಕಿಕೊಂಡು ಬಂದ, ಹಿಂದೆ ಅವನ ಮಕ್ಕಳು, ಅಳಿಯಂದಿರು. ರಸ್ಕು ಮುಗಿಯುವಷ್ಟರಲ್ಲಿ ಪಿಯಾನೋ ಗಾಡಿ ಏರಿತ್ತು. ಸಲೋಮಿ ಬರಿಗಾಲಲ್ಲಿ, ಮನೆಯ ಸೀರೆಯಲ್ಲೇ ಗಾಡಿಯ ಪಕ್ಕ ಓಡುತ್ತಿದ್ದಳು. ತುಂಬಿದ ಪಿಯಾನೋ ಬೀದಿಗೆ ಬಂದರೆ ದಾರಿ ಬಿಡುವುದು ನಮ್ಮೂರಿನ ಹಳೆಯ ರೂಢಿ, ಬಿಟ್ಟರು. ಎಷ್ಟೋ ವರ್ಷಗಳ ಮೇಲೆ ಅವಳ ಸಂಗೀತ ಕೇಳಿದ ಜನ ಅಂಗಡಿಗಳಿಂದ ಹೊರಗೆ ಬಂದರು, ಕೆಲವರು ಜೊತೆಗೇ ಓಡತೊಡಗಿದರು. "ಎಲ್ಲಿಗಕ್ಕಾ? ಕಚೇರಿ ಎಲ್ಲಿ?" ಎಂದು ಯಾರೋ ಕೇಳಿದರೆ ಅವಳು ಏದುಸಿರಿನಲ್ಲೇ, "ಬೇಕರಿಗೆ! ನಮ್ಮವರಿಗೆ ಕೇಳಿಸ್ಬೇಕು!" ಅಂದಳು. ಬೆಂಜಣ್ಣನ ಕಿವಿಯ ಸಂಗತಿ ಊರಿಗೆಲ್ಲ ಗೊತ್ತಿದ್ದದ್ದೇ. ಆ ಮಾತು ಗಾಡಿಗಿಂತ ಮುಂದೆ ಓಡಿತು.

ಹಿಟ್ಟಿನ ಗಿರಣಿ ನಿಂತಿತು. ಗಿರಣಿ ನಿಂತಿದ್ದನ್ನು ನಾನು ಅದಕ್ಕೆ ಮೊದಲು ಕಂಡದ್ದು ಅದರ ಯಜಮಾನ ಸತ್ತಾಗ ಮಾತ್ರ. ಕಮ್ಮಾರರು ಸುತ್ತಿಗೆ ಕೆಳಗಿಟ್ಟರು. ಬಸ್ಸಿನ ಡ್ರೈವರು ನಡುರಸ್ತೆಯಲ್ಲಿ ಇಂಜಿನ್ನು ಆರಿಸಿ ಕೂತ, ಒಳಗಿದ್ದವರು ಯಾರೂ ಗೊಣಗಲಿಲ್ಲ. ಒಬ್ಬಳು ತಾಯಿ ಅಳುವ ಮಗುವನ್ನು ಎತ್ತಿಕೊಂಡು ಹಿತ್ತಿಲಿಗೆ ಓಡಿದಳು. ಸೇತುವೆ ದಾಟುವಾಗ ಪ್ಲಮ್ ಕೇಕು ನಡೆಯುತ್ತಿತ್ತು. ಪುಣ್ಯಕ್ಕೆ ಅದು ಉದ್ದದ್ದು. ಆಚೆ ದಡದ ರಸ್ತೆಗೆ ಕಲ್ಲು ಹಾಸಿದ್ದರು, ಅದರ ಮೇಲೆ ಗಾಡಿಯ ಚಕ್ರಗಳು ಗಡಗಡ ಎಂದು ಸಂಗೀತವನ್ನೇ ನುಂಗತೊಡಗಿದವು. ಸಲೋಮಿ ತಲೆ ಹಿಡಿದುಕೊಂಡಳು. ಪೀರಣ್ಣ ಕೈ ಎತ್ತಿ ಗಾಡಿ ನಿಲ್ಲಿಸಿದ. ಹಮಾಲರು "ಐಸಾ" ಎಂದು ಕೂಗದೆ ಒಂದು ಮೂಟೆಯನ್ನೂ ಎತ್ತಿದವರಲ್ಲ. ಅಂದು ಅವರು ತುಟಿ ಕಚ್ಚಿ, ಕತ್ತಿನ ನರ ಉಬ್ಬಿಸಿ, ಒಂದು ಸೊಲ್ಲೂ ಇಲ್ಲದೆ ಆ ಪಿಯಾನೋವನ್ನು ಹೆಗಲಿಗೆ ಏರಿಸಿದರು. ಜೊತೆಗೆ ಬಂದ ಜನವೂ ಚಪ್ಪಲಿ ಕೈಯಲ್ಲಿ ಹಿಡಿದು ನಡೆದರು.

ಬೆಂಜಣ್ಣ ಆಗಲೇ ಬೇಕರಿಯ ಹೊರಗೆ ಬಂದು ನಿಂತಿದ್ದ. ಯಾರೋ ಮುಂದೆ ಓಡಿ ಹೇಳಿದ್ದರು. ಮೊಣಕೈಯವರೆಗೂ ಹಿಟ್ಟು, ಮುಖದ ಮೇಲೆ ಗಾಬರಿ. ಇಷ್ಟೊಂದು ಜನ ಬಾಯಿ ಮುಚ್ಚಿಕೊಂಡು ತನ್ನ ಕಡೆಗೇ ಬರುತ್ತಿದ್ದರೆ ಯಾರಿಗೆ ಗಾಬರಿಯಾಗುವುದಿಲ್ಲ? ಅವನ ಮುಂದೆ ರಸ್ತೆಯ ನಡುವೆಯೇ ಪಿಯಾನೋ ಇಳಿಸಿದರು. ಉಳಿದದ್ದು ಕೊನೆಯದೊಂದೇ, ಬನ್ನು. ಅದೂ ಶುರುವಾಗಿಬಿಟ್ಟಿತ್ತು. ಸಲೋಮಿ ಅವನ ತೋಳು ಹಿಡಿದು ಹತ್ತಿರಕ್ಕೆ ಎಳೆದಳು. ಅವನು ಬಗ್ಗಿ, ಎಡಗಿವಿಯನ್ನು ಪಿಯಾನೋದ ಹಿಂಬದಿಗೆ ಒತ್ತಿ, ಕಣ್ಣು ಮುಚ್ಚಿದ.

ಅಂಥ ಮೌನ ನಮ್ಮೂರಿನಲ್ಲಿ ಅದಕ್ಕೆ ಮೊದಲು ಇರಲಿಲ್ಲ, ಆಮೇಲೂ ಬಂದಿಲ್ಲ. ನಿಧಾನವಾಗಿ, ಒಂದೊಂದೇ ಸ್ವರವಾಗಿ, ಅದು ಉಬ್ಬುತ್ತಾ ಹೋಯಿತು. ನಾನು ಅದನ್ನು ಸಭಾಭವನದಲ್ಲಿ ಎಷ್ಟೋ ಸಲ ಕೇಳಿದ್ದೆ, ಆದರೆ ಹಾಗೆ ಕೇಳಿರಲಿಲ್ಲ. ಹಮಾಲರು ಉಸಿರನ್ನೂ ಬಾಯಿಂದ ಬಿಡುತ್ತಿರಲಿಲ್ಲ. ಸಲೋಮಿ ಸಂಗೀತ ಕೇಳುತ್ತಿರಲಿಲ್ಲ, ಗಂಡನ ಮುಖ ನೋಡುತ್ತಿದ್ದಳು. ಆ ಮುಖದಲ್ಲಿ ಏನೂ ತಿಳಿಯುತ್ತಿರಲಿಲ್ಲ. ಕೊನೆಯ ಸ್ವರ ಬಂದು, ನಿಂತು, ಹೋಯಿತು. ಆದರೂ ಅವನು ಎದ್ದೇಳಲಿಲ್ಲ.

ಅವಳು ಅವನ ಭುಜ ಮುಟ್ಟಿದಳು. ಅವನು ಕಣ್ಣು ಬಿಟ್ಟು, ನೆಟ್ಟಗೆ ನಿಂತು, ಸುತ್ತ ನೋಡಿದ. ಅವಳು ಎಡಗಿವಿಗೆ ಬಾಯಿ ಹಚ್ಚಿ ಕೇಳಿದಳು, "ಕೇಳಿಸ್ತೇನ್ರೀ?"

"ಚೆನ್ನಾಗಿತ್ತು" ಅಂದ ಬೆಂಜಣ್ಣ.

ಅವಳ ಮುಖ ಬಾಡಿಹೋಯಿತು. ಎಲ್ಲದಕ್ಕೂ ಅವನು ಅನ್ನುವುದು ಅದನ್ನೇ ಅಲ್ಲವೆ? ಉಪ್ಪಿಲ್ಲದ ಸಾರಿಗೂ, ಏನೂ ಕೇಳದ ಮಾತಿಗೂ. ಅವಳು ನನ್ನ ಕಡೆ ತಿರುಗಿದಳು. ಆ ನೋಟವನ್ನು ನಾನು ಮರೆಯಲಾರೆ. ನಾನೂ ಕಣ್ಣು ತಪ್ಪಿಸಿದೆ. ಸುತ್ತ ನಿಂತವರಲ್ಲಿ ಕೆಲವರು ತಲೆ ತಗ್ಗಿಸಿದರು. ಆದರೂ ಅವಳು ಮುಗುಳ್ನಕ್ಕು, ಅವನ ಕೆನ್ನೆಗೆ ಹತ್ತಿದ್ದ ಹಿಟ್ಟನ್ನು ಸೆರಗಿನಿಂದ ಒರೆಸತೊಡಗಿದಳು. ಬೇಜಾರು ಮಾಡಬಾರದೆಂದು ಇವನು, ಬೇಜಾರು ತೋರಿಸಬಾರದೆಂದು ಅವಳು.

ಬೆಂಜಣ್ಣ ಅವಳ ಕೈ ಹಿಡಿದು ನಿಲ್ಲಿಸಿದ. ಜನರಿಗೆ ಕೇಳಬಾರದೆಂದು ದನಿ ತಗ್ಗಿಸಿದೆ ಎಂದುಕೊಂಡಿದ್ದನೋ ಏನೋ, ಕಿವುಡರ ದನಿ ತಗ್ಗುವುದೆಲ್ಲಿಂದ ಬಂತು, ಬೀದಿಗೆಲ್ಲ ಕೇಳಿತು. "ಒಂದು ಮಾತು ಕೇಳ್ಲಾ? ತಪ್ಪು ತಿಳೀಬೇಡ. ಕೊನೆಗೆ ಬರ್ತಾ ಒಂದು ಕಡೆ ನಿನ್ನ ಎಡಗೈ ಎಡವಿತಲ್ಲ. ನೀನು ಯಾವತ್ತೂ ಅಲ್ಲಿ ಎಡವಿದವಳಲ್ಲ. ಯಾಕೆ, ಅವತ್ತು ಮೈ ಹುಷಾರಿರ್ಲಿಲ್ವಾ?"

ನನಗೆ ಅದು ಕೇಳಿಸಿರಲಿಲ್ಲ. ಅಲ್ಲಿ ನಿಂತಿದ್ದ ಯಾರಿಗೂ ಕೇಳಿಸಿರಲಿಲ್ಲ. ಆ ಬೆಳಿಗ್ಗೆ ಅವನನ್ನು ಎದುರಿಗೆ ಕೂರಿಸಿಕೊಂಡು ಬಾರಿಸುತ್ತಿದ್ದಾಗ, ಕೊನೆಗೆ ಬರುತ್ತಾ ಕಣ್ಣು ಮಂಜಾಗಿ ಒಂದು ಬೆರಳು ಜಾರಿದ್ದು ಅವಳೊಬ್ಬಳಿಗೇ ಗೊತ್ತಿತ್ತು. ಅವಳು ಅದನ್ನು ನನಗೂ ಹೇಳಿರಲಿಲ್ಲ.

ಸಲೋಮಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಷ್ಟು ವರ್ಷ ಊರೆಲ್ಲ ನಿಂತು ಚಪ್ಪಾಳೆ ತಟ್ಟಿದಾಗಲೂ ಅವಳು ಅಷ್ಟು ಸಂತೋಷಪಟ್ಟದ್ದನ್ನು ನಾನು ಕಂಡಿಲ್ಲ. ಹಿಟ್ಟು ಮೆತ್ತಿದ ಅವನ ಎರಡೂ ಕೈಗಳನ್ನು ತನ್ನ ಮುಖಕ್ಕೆ ಒತ್ತಿಕೊಂಡು, "ಹೌದು ಕಣ್ರೀ, ಎಡವಿದೆ. ಎಡವಿದೆ ಕಣ್ರೀ" ಎಂದು ಬೀದಿಯ ನಡುವೆಯೇ ಬಿಕ್ಕಿ ಬಿಕ್ಕಿ ಅತ್ತಳು.